ಶಾಲಿನ ಸಾಂಕ್ರಾಮಿಕ ಗುಣ: ಒಂದು ಅಧ್ಯಯನ

ಸಾರ್ವಜನಿಕ ಆರೋಗ್ಯ ವಿಭಾಗಗಳಲ್ಲಿ ವರ್ಷಕ್ಕೊಮ್ಮೆ ತಲೆದೋರುವ ‘ನೂತನ ಪದವೀಧರರ ಅಭಿನಂದನೆ ಹಾಗೂ ಹಿರಿಯ ವಿದ್ಯಾರ್ಥಿಗಳ ಗೌರವಾರ್ಪಣೆ’ ಎಂಬ ವಿದ್ಯಮಾನವು ವಿದ್ವಜ್ಜನರ ಗಮನಕ್ಕೆ ಸಾಕಷ್ಟು ಬಂದಿಲ್ಲದಿರುವುದು ವಿಷಾದನೀಯ. ಈ ಕೊರತೆಯನ್ನು ನೀಗಿಸುವ ಕಿಂಚಿತ್ ಪ್ರಯತ್ನವಾಗಿ ಪ್ರಸ್ತುತ ಸಂಶೋಧಕನು ರಾಜ್ಯದ ಒಂದು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ, ಹಿಂದಿನಿಂದ ಮೂರನೇ ಸಾಲಿನ ಫ್ಯಾನು ತಿರುಗದ ಜಾಗದಲ್ಲಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಕೂತು ಸಾಮಗ್ರಿ ಸಂಗ್ರಹಿಸಿದ್ದಾನೆ. ಅಂತರ್‌ಶಿಸ್ತೀಯ, ಸಮುದಾಯಾಧಾರಿತ, ಸಹಭಾಗಿತ್ವಮೂಲ ವೈಧಾನಿಕತೆಯನ್ನು ಅನುಸರಿಸಲಾಗಿದೆ. ಅಂದರೆ ಪಕ್ಕದಲ್ಲಿ ಕೂತವರನ್ನು ಕೇಳಲಾಗಿದೆ.

ಯಾವ ರೋಗದ ತನಿಖೆಗೂ ಮೊದಲು ‘ಪ್ರಕರಣ’ ಎಂದರೆ ಯಾವುದು ಎಂದು ವ್ಯಾಖ್ಯಾನಿಸಿಕೊಳ್ಳಬೇಕೆಂಬುದು ಸಾಂಕ್ರಾಮಿಕಶಾಸ್ತ್ರದ ಮೊದಲ ಪಾಠ. ಅದರಂತೆ: ಹೆಗಲ ಮೇಲೆ ಶಾಲು, ತಲೆಗೆ ಮೈಸೂರು ಪೇಟ, ಕೊರಳಿಗೆ ಹಾವೇರಿಯ ಏಲಕ್ಕಿ ಹಾರ, ಕೈಗೆ ಹಣ್ಣಿನ ಬುಟ್ಟಿ, ಇವುಗಳಲ್ಲಿ ಎರಡು ಕಂಡುಬಂದರೆ ‘ಶಂಕಿತ’ ಪ್ರಕರಣ, ಮೂರು ಕಂಡರೆ ‘ಸಂಭವನೀಯ’, ಗಾಜಿನ ಸ್ಮರಣಿಕೆಯೂ ಸೇರಿ ಫೋಟೊ ಆಗಿದ್ದರೆ ‘ದೃಢಪಟ್ಟ’ ಪ್ರಕರಣ. ಫೋಟೊಗ್ರಾಫರ್ ‘ಸಾರ್, ಇನ್ನೊಂದ್ಸಲ ಕೊಡಿ’ ಎಂದು ಸ್ಮರಣಿಕೆಯನ್ನು ವಾಪಸ್ ಕೊಡಿಸಿ ಮತ್ತೆ ಕೊಡಿಸಿದರೆ ಅದನ್ನು ‘ಮರುಕಳಿಕೆ’ ಎಂದು ಪ್ರತ್ಯೇಕವಾಗಿ ದಾಖಲಿಸತಕ್ಕದ್ದು.

ಹರಡುವಿಕೆಯ ವೇಗ ಬೆರಗು ಹುಟ್ಟಿಸುವಂಥದ್ದು. ದಡಾರ ಬಂದ ಒಬ್ಬ ರೋಗಿ, ಯಾರಿಗೂ ರಕ್ಷಣೆಯಿಲ್ಲದ ಊರಿನಲ್ಲಿ, 12ರಿಂದ 18 ಜನರಿಗೆ ಅಂಟಿಸುತ್ತಾನೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಶಾಲು ಅದನ್ನೂ ಮೀರಿಸುತ್ತದೆ. ಕುಲಪತಿಗಳಿಗೆ ಹೊದಿಸಿದ ಮೇಲೆ ಕುಲಸಚಿವರಿಗೆ ಹೊದಿಸದೆ ಇರಲಾಗದು. ಅವರಿಗೆ ಆದ ಮೇಲೆ ಮೌಲ್ಯಮಾಪನ ಕುಲಸಚಿವರು, ಡೀನ್, ಊಟದ ಖರ್ಚು ವಹಿಸಿಕೊಂಡ ದಾನಿಗಳು, ದಾನಿಗಳ ಜೊತೆ ಬಂದವರು, ಕೊನೆಗೆ ಇಷ್ಟೆಲ್ಲ ಶಾಲು ಹೊದಿಸಿ ದಣಿದ ಸಂಘಟಕರು. ಗಮನಾರ್ಹ ಸಂಗತಿಯೆಂದರೆ, ಯಾರ ಹೆಸರಿನಲ್ಲಿ ಸಮಾರಂಭವೋ ಆ ನೂತನ ಪದವೀಧರರಲ್ಲಿ ಅಪಾರವಾದ ರೋಗನಿರೋಧಕ ಶಕ್ತಿ ಕಂಡುಬಂತು. ಸಮಯದ ಅಭಾವದಿಂದ ಅವರೆಲ್ಲ ಕೂತಲ್ಲೇ ಎದ್ದು ನಿಂತು ಕೂತರು.

ಪೂರ್ವಾಧ್ಯಯನಗಳ ಸಮೀಕ್ಷೆಗೆ ಬಂದರೆ, ಈ ಬಾಧೆಗೂ ಪದವಿಗೂ ನಿಕಟ ಸಂಬಂಧ ಇದ್ದಂತಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಎದ್ದಾಗ ಮನೆಮನೆ ಅಲೆದು, ಸತ್ತವರು ಯಾವ ಪಂಪಿನ ನೀರು ಕುಡಿದಿದ್ದರು ಎಂದು ವಿಚಾರಿಸಿದ ಜಾನ್ ಸ್ನೋ ಬಳಿ ಸಾರ್ವಜನಿಕ ಆರೋಗ್ಯದ ಪದವಿ ಇರಲಿಲ್ಲ. ಆತ ಅರಿವಳಿಕೆ ವೈದ್ಯ. ಹಿಂದಿನ ವರ್ಷವಷ್ಟೇ ವಿಕ್ಟೋರಿಯಾ ರಾಣಿಗೆ ಹೆರಿಗೆಯ ವೇಳೆ ಕ್ಲೋರೋಫಾರ್ಮ್ ಕೊಟ್ಟಿದ್ದ. ಆತನ ಮಾತಿನ ಮೇಲೆ ಪಂಪಿನ ಹಿಡಿಯನ್ನೇನೋ ಕಳಚಿದರು, ಆದರೆ ನೀರಿನಿಂದ ಕಾಲರಾ ಎಂಬ ವಾದವನ್ನು ಆರೋಗ್ಯ ಮಂಡಳಿ ಒಪ್ಪಲಿಲ್ಲ. ವಿಯೆನ್ನಾದಲ್ಲಿ 1847ರಲ್ಲೇ, ಹೆರಿಗೆ ಮಾಡಿಸುವ ಮೊದಲು ಕೈ ತೊಳೆಯಿರಿ ಎಂದು ಸಹವೈದ್ಯರಿಗೆ ಹೇಳಿದ ಸೆಮ್ಮೆಲ್‌ವೈಸ್‌ಗೆ ಸಿಕ್ಕಿದ್ದು ಅಪಹಾಸ್ಯ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. ಆಮೇಲೆ ಸಾರ್ವಜನಿಕ ಆರೋಗ್ಯದ ಶಾಲೆಗಳು ಬಂದವು: 1916ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್, 1932ರಲ್ಲಿ ಕಲ್ಕತ್ತೆಯ ಅಖಿಲ ಭಾರತ ಸಂಸ್ಥೆ. 1997ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂಪಿಎಚ್ ಎಂಬ ಸ್ನಾತಕೋತ್ತರ ಪದವಿ ಶುರುವಾಯಿತು. ಶಾಲೆ ಬಂದ ಮೇಲೆ ಹಳೆಯ ವಿದ್ಯಾರ್ಥಿಗಳು ಬರಲೇಬೇಕಲ್ಲ.

ಲಂಡನ್ನಿನವರು ಇಂದಿಗೂ ವರ್ಷಕ್ಕೊಮ್ಮೆ ಸ್ನೋ ಹೆಸರಿನಲ್ಲಿ ಉಪನ್ಯಾಸ ಇಟ್ಟು, ಪಂಪಿನ ಹಿಡಿಯೊಂದನ್ನು ಕಳಚಿ ಮತ್ತೆ ಕೂರಿಸುವ ಸಣ್ಣ ಶಾಸ್ತ್ರ ಮಾಡುತ್ತಾರೆ. ಇದೂ ಆಡಂಬರವೇ. ಆದರೂ ಅಲ್ಲಿ ಹಿಡಿಯೊಂದು ಇದೆ. ಇಲ್ಲಿ ಹಿಡಿಯುವುದಕ್ಕೆ ಸ್ಮರಣಿಕೆ ಮಾತ್ರ.

ರೋಗಕಾರಕವನ್ನು ಪತ್ತೆಹಚ್ಚಲು ಸಂಶೋಧಕನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅತಿಥಿ ಉಪನ್ಯಾಸಕರೊಬ್ಬರು ಒಂದೇ ಶಬ್ದದಲ್ಲಿ ಹೇಳಿದರು: ‘ನ್ಯಾಕ್.’ ಕಾಲೇಜು, ವಿಶ್ವವಿದ್ಯಾಲಯಗಳನ್ನು ಅಳೆಯುವ ಆ ಸಂಸ್ಥೆಯ ಐದನೇ ಮಾನದಂಡದಲ್ಲಿ ಹಳೆಯ ವಿದ್ಯಾರ್ಥಿಗಳ ಒಡನಾಟಕ್ಕೆಂದೇ ಒಂದು ಸೂಚಕವಿದೆ. ಒಡನಾಟ ನಡೆದದ್ದಕ್ಕೆ ಪುರಾವೆ ಬೇಕು, ಪುರಾವೆಗೆ ಜಿಯೋಟ್ಯಾಗ್ ಫೋಟೊ ಬೇಕು. ಅಕ್ಷಾಂಶ, ರೇಖಾಂಶ, ದಿನಾಂಕ ಕೆಳಗೆ ಮೂಡಿರಬೇಕು. ಸ್ನೋ ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿದ. ನಾವು ಶಾಲುಗಳನ್ನು ಗುರುತಿಸುತ್ತಿದ್ದೇವೆ.

ಇನ್ನು ಹಳೆಯ ವಿದ್ಯಾರ್ಥಿಗಳ ವರ್ಗೀಕರಣ. ಇವರಲ್ಲಿ ಏಳು ಪ್ರಭೇದ, ಇಪ್ಪತ್ತೊಂದು ಉಪಪ್ರಭೇದ.

ಮೊದಲನೆಯದು ಜಿನೀವಾ ಪ್ರಭೇದ. ಪರದೆಯ ಮೇಲೆ ಮಾತ್ರ ಗೋಚರ; ತುಟಿಗಳು ಚಲಿಸುತ್ತವೆ, ಶಬ್ದ ಬರುವುದಿಲ್ಲ; ಸಭೆಯು ಒಕ್ಕೊರಲಿನಿಂದ ‘ಮ್ಯೂಟ್, ಮ್ಯೂಟ್’ ಎನ್ನುವುದು ಇದರ ಆವಾಹನಾ ಮಂತ್ರ. ಎರಡನೆಯದು ಸಮಾಲೋಚಕ ಪ್ರಭೇದ. ‘ಸ್ಟೇಕ್‌ಹೋಲ್ಡರ್’, ‘ಕೆಪಾಸಿಟಿ ಬಿಲ್ಡಿಂಗ್’, ‘ಕನ್ವರ್ಜೆನ್ಸ್’ ಎಂಬ ಬೀಜಾಕ್ಷರಗಳನ್ನು ಬಲ್ಲದ್ದು, ಹಳ್ಳಿಯ ಬಗ್ಗೆ ಸ್ಲೈಡ್ ಉಳ್ಳದ್ದು. ಮೂರನೆಯದು ಗುತ್ತಿಗೆ ಪ್ರಭೇದ: ಎಂಪಿಎಚ್ ಮುಗಿಸಿ ಜಿಲ್ಲಾ ಕಚೇರಿಯ ಮೂಲೆಯಲ್ಲಿ ಡೆಂಗಿಯ ಅಂಕಿಅಂಶ ತುಂಬುತ್ತ, ಗುತ್ತಿಗೆ ನವೀಕರಣದ ಪತ್ರ ಈ ವರ್ಷ ಬರುತ್ತದೋ ಇಲ್ಲವೋ ಎಂದು ಕಾಯುವುದು. ಇದರ ಉಪಪ್ರಭೇದಗಳೆಂದರೆ...

ಬೇಡ. ಮೂರನೆಯದಕ್ಕೆ ಉಪಪ್ರಭೇದ ಹುಡುಕುವ ಉತ್ಸಾಹ ಸಂಶೋಧಕನಿಗೆ ಉಳಿದಿಲ್ಲ. ಉಳಿದ ನಾಲ್ಕನ್ನು ಯಾರಾದರೂ ಪಿಎಚ್‌ಡಿಗೆ ತೆಗೆದುಕೊಳ್ಳಲಿ. ಪಕ್ಕದ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಬೇರೆಯೇ ನಿರ್ದೇಶನಾಲಯವಿದೆ, 1939ರ ಕಾಯ್ದೆಯಿದೆ. ಎಲ್ಲ ರಾಜ್ಯಗಳೂ ಇದಕ್ಕೆಂದೇ ಒಂದು ವೃಂದ ಕಟ್ಟಲಿ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು, 2022ರಲ್ಲಿ ಕೇಂದ್ರ ಮಾರ್ಗಸೂಚಿಯನ್ನೂ ಹೊರಡಿಸಿತು. ಸಮಾರಂಭದ ದಿನ ವೇದಿಕೆಯಿಂದ ‘ನೀವು ನಾಡಿನ ಆರೋಗ್ಯದ ಕಾವಲುಗಾರರು’ ಎಂದು ಕನಿಷ್ಠ ಆರು ಸಲ ಹೇಳಲಾಯಿತು. ಕಾವಲುಗಾರರಿಗೆ ಕೆಲಸ ಎಲ್ಲಿ ಎಂಬ ಮಾತು ಒಮ್ಮೆಯೂ ಬರಲಿಲ್ಲ.

ಮಾಡಬೇಕಾದ ಕೆಲಸಕ್ಕೇನೂ ಕೊರತೆಯಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರೂ ಜ್ವರದಿಂದ ಮಲಗಿದರು. ಉಣುಗಿನಿಂದ ಹರಡುವ ಆ ರೋಗಕ್ಕೆ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ಒಂದು ಊರಿನ ಹೆಸರೇ ನಿಂತಿತು. ಮಲೆನಾಡಿನವರಿಗೆ ಅದು ಮಂಗನ ಕಾಯಿಲೆ. ಎಪ್ಪತ್ತು ವರ್ಷ ಸಮೀಪಿಸಿದರೂ ನೆಚ್ಚಬಹುದಾದ ಲಸಿಕೆ ಜನರ ಕೈಗೆ ಬಂದಿಲ್ಲ. ಇದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು ನಿಲ್ಲಿಸಿದ್ದೂ ಆಯಿತು. ಬೇಸಿಗೆಗೆ ಮೊದಲು ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಹಿಡಿದು ಅಡಿಕೆ ತೋಟ ದಾಟಿ ಒಂಟಿ ಮನೆಗಳಿಗೆ ಹೋಗುವವರು, ‘ಸೊಪ್ಪಿಗೆ ಹೋಗೋ ಮುಂಚೆ ಕಾಲಿಗೆ ಹಚ್ಕೊಳ್ಳಿ ಅಜ್ಜಿ’ ಎಂದು ಬೇಡಿಕೊಳ್ಳುವವರು, ಸತ್ತ ಮಂಗ ಕಂಡರೆ ಫೋನ್ ಮಾಡಿ ಎಂದು ಹೇಳಿ ಬರುವವರು ಆಶಾ ಕಾರ್ಯಕರ್ತೆಯರು, ಊರವರು ಇಂದಿಗೂ ನರ್ಸಮ್ಮ ಎಂದು ಕರೆಯುವ ಆರೋಗ್ಯ ಸಿಬ್ಬಂದಿ. 2005ರಲ್ಲಿ ಶುರುವಾದ ಯೋಜನೆಯ ಲೆಕ್ಕದಲ್ಲಿ ಆಶಾ ಇಂದಿಗೂ ‘ಸ್ವಯಂಸೇವಕಿ’. ಸಿಗುವುದು ಸಂಬಳವಲ್ಲ, ಗೌರವಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಅದಾದ ಮೇಲೂ ಗೌರವಧನ ಹೆಚ್ಚಿಸಿ ಎಂದು ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಬೇಕಾಯಿತು.

ಅವರಲ್ಲಿ ಕೆಲವರು ಅಂದಿನ ಸಭೆಯಲ್ಲೂ ಇದ್ದರು, ಗುಲಾಬಿ ಸೀರೆಯ ಎರಡು ಸಾಲು. ಸನ್ಮಾನಕ್ಕಲ್ಲ, ಕುರ್ಚಿ ಖಾಲಿ ಕಾಣಬಾರದೆಂದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಕರೆಸಿದ್ದರು.

ಎರಡೂವರೆಯ ಹೊತ್ತಿಗೆ ಮುಖ್ಯ ಅತಿಥಿಗಳು ಇನ್ನೊಂದು ಕಾರ್ಯಕ್ರಮವಿದೆ ಎಂದು ಹೊರಟರು. ಅವರ ಹಿಂದೆಯೇ ಅರ್ಧ ವೇದಿಕೆ ಖಾಲಿಯಾಯಿತು. ವಂದನಾರ್ಪಣೆ ನಡೆಯುತ್ತಿದ್ದಂತೆ ಸಭೆ ಊಟದ ಕೋಣೆಯತ್ತ ಹರಿಯಿತು. ಬಾಗಿಲ ಪಕ್ಕದಲ್ಲಿ ಉದ್ದನೆಯ ತೊಟ್ಟಿ, ಆರು ನಲ್ಲಿ. ಮೇಲೆ ವಿಭಾಗದವರೇ ಅಂಟಿಸಿದ ಬಣ್ಣದ ಪಟ: ಕೈ ತೊಳೆಯುವ ಏಳು ಹಂತಗಳು. ಮೊದಲ ನಲ್ಲಿ ತಿರುಗಿಸಿದರೆ ‘ಸುಂಯ್’ ಎಂದಿತು. ಎರಡನೆಯದು ಅದೂ ಅನ್ನಲಿಲ್ಲ. ಮೂರನೆಯದರ ತಿರುಪೇ ಇರಲಿಲ್ಲ. ಸ್ನೋ ಬಂದು ಬಿಚ್ಚಿಕೊಂಡು ಹೋದಂತಿತ್ತು. ‘ಬೆಳಿಗ್ಗೆಯಿಂದ್ಲೇ ಇಲ್ಲ ಸಾರ್, ಮೋಟ್ರು ಕೆಟ್ಟಿದೆ’ ಎಂದ ಜವಾನ. ನೂತನ ಪದವೀಧರರೊಬ್ಬರು ಟಿಶ್ಯೂ ಕಾಗದಕ್ಕೆ ಕೈ ಒರೆಸಿಕೊಂಡು ಕೇಸರಿಭಾತಿನ ಸಾಲಿಗೆ ಹೋದರು.

ಗುಲಾಬಿ ಸೀರೆಯ ಹಿರಿಯ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಭಾಂಗಣಕ್ಕೆ ವಾಪಸ್ ಹೋದರು. ವೇದಿಕೆಯ ಮೇಲೆ, ಗಣ್ಯರ ಹೆಸರಿನ ಫಲಕಗಳ ಹಿಂದೆ, ಒಂದೊಂದು ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ಎರಡೂ ತೋಳುಗಳಲ್ಲಿ ಅವನ್ನು ಅವುಚಿಕೊಂಡು ಬಂದು, ತೊಟ್ಟಿಯ ಪಕ್ಕ ನಿಂತು, ‘ಬನ್ನಿ, ಒಬ್ಬೊಬ್ಬರೇ ಕೈ ಒಡ್ಡಿ’ ಎಂದರು. ಸಂಶೋಧಕನ ಸರದಿ ಬಂದಾಗ ಕುಲಪತಿಗಳ ಬಾಟಲಿ ಮುಗಿದು ಡೀನ್ ಅವರದ್ದು ಶುರುವಾಗಿತ್ತು.