ನರ್ಸಮ್ಮನ ಸಾಮಾನು

(ವಲಾಂಡಿ. ಕಟ್ಟಿ ಮ್ಯಾಲ ಮುತ್ಯಾ; ಚೀಟಿ ಹಿಡಿದ ಮೊಮ್ಮಗಳು.)

ಮುತ್ಯಾ: ನರ್ಸಿಂಗಿಗಿ ಏನೇನ್ ಬೇಕಂತವ್ವಾ?

ಮೊಮ್ಮಗಳು: ಬಿಳಿ ಬೂಟು, ಸ್ಟೆತಾಸ್ಕೋಪು, ಸೆಕೆಂಡ್ ಮುಳ್ಳಿನ ಗಡಿಯಾರ...

ಮುತ್ಯಾ: ಉದಗೀರ ಬಜಾರದಾಗ ಸಿಗ್ತಾವ. ಮುಂದ?

ಮೊಮ್ಮಗಳು: ಡೊಮಿಸಾಯಿಲ್. ನಾವು ಇಲ್ಲೇ ಇರ್ತೀವಿ ಅಂತ ಸರ್ಟಿಫಿಕೇಟು.

ಮುತ್ಯಾ: ಇಲ್ಲೇ ಅಂದ್ರ ಎಲ್ಲಿ? ನಾ ಹುಟ್ಟಿದಾಗ ಬೀದರ ಜಿಲ್ಲಾ, ನಿಜಾಮನ ರಾಜ್ಯ. 1956ಕ್ಕ ಉಸ್ಮಾನಾಬಾದ, 1960ಕ್ಕ ಮಹಾರಾಷ್ಟ್ರ, 1982ಕ್ಕ ಲಾತೂರ. ನಾ ಈ ಕಟ್ಟಿ ಬಿಟ್ಟು ಕದಲಿಲ್ಲ, ಜಿಲ್ಲಾನೇ ಊರೂರು ತಿರಗ್ತು. ಅದರ ಡೊಮಿಸಾಯಿಲ್ ಕೇಳವ್ರು ಯಾರು?

ಮೊಮ್ಮಗಳು: ಜಾತಿ ಸರ್ಟಿಫಿಕೇಟು, ಅದು ಖರೇ ಅಂತ ಮತ್ತೊಂದು ವ್ಯಾಲಿಡಿಟಿ...

ಮುತ್ಯಾ: ಗಡಿಯಾರ ಯಾತಕ್ಕ?

ಮೊಮ್ಮಗಳು: ನಾಡಿ ಎಣಿಸ್ಲಿಕ್ಕ. ನಿಮಿಷಕ್ಕ 60ರಿಂದ 100 ಇದ್ರ ನಾರ್ಮಲ್.

ಮುತ್ಯಾ: ಮೊದ್ಲು ಅದನ್ನ ತಗೋ. ತಹಸೀಲ ಆಫೀಸಿನ ಲೈನಿನಾಗ ನಂದೇ ಎಣಿಸು. ಪ್ರ್ಯಾಕ್ಟಿಕಲ್ ಅಲ್ಲೇ ಮುಗೀತದ.