ತಂತಿ ಕಳಚಿದ ಮೈಕು

ಸಭೆ-ಸಮಾರಂಭಗಳಲ್ಲಿ ಬಳಕೆಯಾಗುವ ಕಾರ್ಡ್‌ಲೆಸ್ ಮೈಕು ಎರಡು ಅಂಗಗಳ ವ್ಯವಸ್ಥೆಯಾಗಿದ್ದು, ಧ್ವನಿಯನ್ನು ರೇಡಿಯೋ ತರಂಗದ ಮೇಲೆ ಹೊರಿಸಿ ಕಳುಹಿಸುವುದು ಟ್ರಾನ್ಸ್‌ಮಿಟರ್, ಅದನ್ನು ಇಳಿಸಿಕೊಂಡು, ಧ್ವನಿಗಳನ್ನು ಬೆರೆಸುವ ಮಿಕ್ಸರಿಗೆ ಒಪ್ಪಿಸುವುದು ರಿಸೀವರ್. ಇವುಗಳ ನಡುವೆ ತಂತಿಯಿಲ್ಲವೆಂಬುದೇ ಅದರ ಹೆಗ್ಗಳಿಕೆ; ಅದರ ಸಂಕಟಗಳ ಮೂಲವೂ ಅದೇ. ತಂತಿ ಕೆಟ್ಟರೆ ಮೈಕ್‌ಸೆಟ್ಟಿನವನು ಅದನ್ನು ಬೆರಳಿನಿಂದ ಸವರುತ್ತ ಹೋಗಿ ತುಂಡಾದ ಜಾಗವನ್ನು ಹುಡುಕಬಲ್ಲನು. ಗಾಳಿಯಲ್ಲಿ ಸವರುವುದಕ್ಕೆ ಏನೂ ಇಲ್ಲದ ಕಾರಣ ಸಂಘದ ಕಾರ್ಯದರ್ಶಿಗಳು ನೇರವಾಗಿ ಮೈಕ್‌ಸೆಟ್ಟಿನವನನ್ನೇ ದುರುಗುಟ್ಟಿ ನೋಡುತ್ತಾರೆ. ಇದಲ್ಲದೆ, ಭಾಷಣಕಾರರನ್ನು ವೇದಿಕೆಯ ಒಂದೇ ಸ್ಥಳದಲ್ಲಿ ನಿಲ್ಲಿಸಿ, ಮಾತು ಅಳತೆ ಮೀರಿದಾಗ ಪ್ಲಗ್ಗನ್ನು ಕೀಳುವ ಅನುಕೂಲವನ್ನೂ ಒದಗಿಸುತ್ತಿದ್ದ ಆ ತಂತಿಯ ಸಾಮಾಜಿಕ ಉಪಯೋಗವನ್ನು ತಯಾರಕರು ಗಮನಿಸಿದಂತಿಲ್ಲ.

ಇಂಥ ಮೈಕುಗಳಲ್ಲಿ ಹೆಚ್ಚಿನವು ಯುಎಚ್‌ಎಫ್ ಎಂಬ ತರಂಗಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಬಹುಪಾಲು ನೀರೇ ಆಗಿರುವ ಮನುಷ್ಯದೇಹ ಈ ತರಂಗಗಳನ್ನು ಚೆನ್ನಾಗಿ ಹೀರುವುದರಿಂದ, ಮಧ್ಯಾಹ್ನದ ಖಾಲಿ ಸಭಾಂಗಣದಲ್ಲಿ ‘ಹಲೋ, ಮೈಕ್ ಟೆಸ್ಟಿಂಗ್’ ಎಂದಾಗ ಸ್ಪಷ್ಟವಾಗಿ ನುಡಿದ ಉಪಕರಣವು ಸಂಜೆ ಜನ ತುಂಬಿದ ಮೇಲೆ ತೊದಲತೊಡಗುತ್ತದೆ. ಸಭಿಕರಿಲ್ಲದ ಸಭೆಗೆ ಇದಕ್ಕಿಂತ ಯೋಗ್ಯವಾದ ಸಾಧನವಿಲ್ಲ; ಅಂಥ ಸಭೆಗಳಿಗೇನೂ ಕೊರತೆಯಿಲ್ಲವೆಂಬುದು ಬೇರೆ ಮಾತು. ನೇರವಾಗಿ ಬಂದ ತರಂಗವೂ ಗೋಡೆಗೆ ಬಡಿದು ಬಂದ ತರಂಗವೂ ಕೂಡಿ ಒಂದನ್ನೊಂದು ಅಳಿಸಿದಾಗ ಒಂದು ಆಂಟೆನಾ ಕಿವುಡಾದರೂ ಇನ್ನೊಂದು ಕೇಳಿಸಿಕೊಳ್ಳಲೆಂದು ಒಳ್ಳೆಯ ರಿಸೀವರಿಗೆ ಎರಡು ಆಂಟೆನಾಗಳಿರುತ್ತವೆ. ಅವನ್ನು ಜನರ ತಲೆಗಿಂತ ಎತ್ತರದಲ್ಲಿ ಇಡಬೇಕೆಂಬುದು ಶಾಸ್ತ್ರವಾದರೂ, ರೂಢಿಯಲ್ಲಿ ರಿಸೀವರಿನ ಪ್ರತಿಷ್ಠಾಪನೆಯಾಗುವುದು ಮೇಜಿನ ಕೆಳಗೆ, ಹಾರ-ಶಾಲುಗಳ ತಟ್ಟೆಯ ಹಿಂದೆ.

ಮೈಕುಗಳು ಎರಡಕ್ಕಿಂತ ಹೆಚ್ಚಾದರೆ ಗಣಿತ ಆರಂಭವಾಗುತ್ತದೆ. 600 ಮತ್ತು 601 ಮೆಗಾಹರ್ಟ್ಸ್‌ನ ಎರಡು ಟ್ರಾನ್ಸ್‌ಮಿಟರ್‌ಗಳು ಅಕ್ಕಪಕ್ಕದಲ್ಲಿದ್ದರೆ, 601ರ ಎರಡರಷ್ಟರಿಂದ 600ನ್ನು ಕಳೆದು ಬರುವ 602ರಲ್ಲಿ, ಯಾರೂ ಕರೆಯದ ಮೂರನೆಯ ತರಂಗವೊಂದು ತಾನಾಗಿಯೇ ಹುಟ್ಟುತ್ತದೆ. ಇದಕ್ಕೆ ಇಂಟರ್‌ಮಾಡ್ಯುಲೇಶನ್ ಎಂದು ಹೆಸರು. ಅಂದಮೇಲೆ, ಸಮಾನ ಅಂತರವು ನ್ಯಾಯಸಮ್ಮತವೆಂದು ನಂಬಿ ಮೂರನೆಯ ಮೈಕನ್ನು 602ಕ್ಕೆ ಕೂರಿಸಿದ ಶಿಸ್ತುಗಾರನ ಪಾಲಿಗೆ ಗೊರಗೊರ ಶಬ್ದವೇ ಬರುತ್ತದೆ. ಅಡ್ಡಾದಿಡ್ಡಿ ಕೂರಿಸಿದವನು ಬಚಾವಾಗುವ ಸಂಭವ ಹೆಚ್ಚು. ತರಂಗಗಳ ಲೆಕ್ಕ ಮುಗಿದ ಮೇಲೆ ದನಿಯ ಲೆಕ್ಕ: ಮೈಕಿನ ಗೇನ್ ಅನ್ನು, ಅಂದರೆ ಧ್ವನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಅಳತೆಯನ್ನು, ಅತಿ ದೊಡ್ಡ ದನಿಗೆ ಹೊಂದಿಸಬೇಕು. ಆದರೆ ಪರೀಕ್ಷೆಯ ವೇಳೆ ಸಂಕೋಚದಿಂದ ‘ಒಂದು, ಎರಡು’ ಎಂದ ಗಣ್ಯರು ಹಾರ ಬಿದ್ದ ಕೂಡಲೇ ಗರ್ಜಿಸುತ್ತಾರೆ.

ವಾದ್ಯಗಳ ವಿಷಯ ಇನ್ನೂ ಸೂಕ್ಷ್ಮ. ಸಭೆಯ ಕೊನೆಯ ಸಾಲಿಗೂ ಪಿಟೀಲು ಕೇಳಿಸಲೆಂದು ತಿರುಮಕೂಡಲು ಚೌಡಯ್ಯನವರು ನಾಲ್ಕು ತಂತಿಗಳನ್ನು ಏಳಕ್ಕೇರಿಸಿದರು. ಇಂದು ಆ ಕೆಲಸವನ್ನು ಕಾಂಟ್ಯಾಕ್ಟ್ ಮೈಕು ಮಾಡುತ್ತದೆ. ಗಾಳಿಯಲ್ಲಿನ ಶಬ್ದದ ಬದಲು ವಾದ್ಯದ ಮೈಯ ಕಂಪನವನ್ನೇ ಹಿಡಿಯುವ ಈ ಬಿಲ್ಲೆಯು ರಾಗದ ಜೊತೆಗೆ ವಿದ್ವಾಂಸರ ಉಂಗುರ ತಾಗಿದ್ದನ್ನೂ ನಿಷ್ಪಕ್ಷಪಾತವಾಗಿ ಪ್ರಸಾರ ಮಾಡುತ್ತದೆ. ಇದಾದ ಮೇಲೆ ಮಾನಿಟರ್‌ಗಳ, ಅಂದರೆ ಕಲಾವಿದರಿಗೆ ತಮ್ಮ ನಾದವೇ ಕೇಳಿಸಲೆಂದು ಅವರತ್ತ ಮುಖಮಾಡಿಟ್ಟ ಸ್ಪೀಕರ್‌ಗಳ, ಸರದಿ. ವರ್ಣ ಮುಗಿಯುವುದರೊಳಗೆ ಪ್ರತಿಯೊಬ್ಬರೂ ತಮ್ಮದನ್ನು ಏರಿಸುವಂತೆ ಬೆರಳೆತ್ತುತ್ತಾರೆ. ಎಲ್ಲರದನ್ನೂ ಏರಿಸಿದರೆ ಸ್ಪೀಕರಿನ ಶಬ್ದ ಮತ್ತೆ ಮೈಕಿಗೆ ಹೊಕ್ಕು, ಹಿಗ್ಗಿ, ಪುನಃ ಹೊಕ್ಕು, ಹೌಲಿಂಗ್ ಎಂಬ ಕುಂಯ್‌ಕಾರವಾಗುತ್ತದೆ. ಆದ್ದರಿಂದ ಅನುಭವಸ್ಥನಾದ ಮೈಕ್‌ಸೆಟ್ಟಿನವನು ಏನನ್ನೂ ತಿರುಗಿಸದೆ, ಗುಂಡಿಯ ಮೇಲೆ ಬೆರಳಿಟ್ಟು ಗಂಭೀರವಾಗಿ ತಲೆಯಾಡಿಸುತ್ತಾನೆ. ಮೃದಂಗ ವಿದ್ವಾಂಸರು ಎರಡು ಆವರ್ತ ನುಡಿಸಿ ನೋಡಿ, ಈಗ ಸರಿಯಾಯಿತೆಂದು ಸನ್ನೆ ಮಾಡುತ್ತಾರೆ. ಮೃದಂಗ ತೀರ ಜಾಸ್ತಿಯಾಯಿತೆಂದು ಪಿಟೀಲಿನವರು ಆಕ್ಷೇಪಿಸುತ್ತಾರೆ.