ರೂಮಿನ ಬಾಡಿಗೆಯೂ ಹೊಳೆಯ ನೀರೂ

“ಸಾಹೇಬ್ರ, ಡ್ಯಾಮಿನ ಗೇಟ್ ತಗದಾರಂತ್ರೀ, ಈಗ ಹೊಂಡ್ರಿ.” “ಹೇಗಪ್ಪಾ? ಸೋಮವಾರದವರೆಗೂ ರೂಮಿಗೆ ದುಡ್ಡು ಕಟ್ಟಿದೀವಿ!” ಕಟ್ಟಿದ ದುಡ್ಡು ಉಳಿದರೂ ಬರದು, ಹೊರಟರೂ ಬರದು, ಮತ್ತೆ ಅದನ್ನು ಲೆಕ್ಕಕ್ಕೆ ಹಿಡಿಯುವುದೇಕೆ? ತುಂಗಭದ್ರೆ ರಸೀದಿ ನೋಡುವುದಿಲ್ಲ. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ನೀರು ಬಿಟ್ಟಾಗ, ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ, ಹೊಳೆಯ ನಡುವಿನ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ದಾಟಿಸಬೇಕಾಯಿತು. (ಹೆಲಿಕಾಪ್ಟರು ಪ್ಯಾಕೇಜಿನಲ್ಲಿ ಇರಲಿಲ್ಲ.)

“ಇಲ್ಲಿ ರಣಬಿಸಿಲು, ಮಳೆ ಎಲ್ಲಿದೆ?” “ಮಳಿ ಮಲೆನಾಡಾಗ ಐತ್ರೀ, ನೀರು ಇಲ್ಲಿಗಿ ಬರತೈತಿ.” ಸರಿಯಾದ ಉತ್ತರ: ಶಿವಮೊಗ್ಗ, ಚಿಕ್ಕಮಗಳೂರಿನ ಮಳೆಯನ್ನು ಕೊಪ್ಪಳದ ಆಕಾಶ ನೋಡಿ ಅಳೆಯಲಾಗದು. “ಗೇಟು ಗಟ್ಟಿಯಿದೆಯಲ್ಲ?” 2024ರ ಆಗಸ್ಟ್ 10ರ ರಾತ್ರಿ ಇದೇ ತುಂಗಭದ್ರಾ ಜಲಾಶಯದ 19ನೇ ಗೇಟೇ ಕೊಚ್ಚಿಹೋಯಿತು. ಎಚ್ಚರಿಕೆ ಸುಳ್ಳಾದರೆ ಹೋಗುವುದು ಎರಡು ದಿನದ ರಜೆ ಮಾತ್ರ. ಡಂಗುರ ಕೇಳಿದೊಡನೆ ಬ್ಯಾಗು ಕಟ್ಟಿ, ಗಂಗಾವತಿ ಬಸ್ಸು ಹಿಡಿಯಿರಿ.